ಪಂಕ್ತಿಯಲ್ಲಿ ಇನ್ನೊಬ್ಬರು

ಸೊರಬ
೧೮ ಜೂನ್ ೨೦೨೩

ಗುರುವಿಗೆ ಅಕ್ಕನ ಆಶೀರ್ವಾದಗಳು.

ಎರಡು ವರ್ಷ ಸುಮ್ಮನಿದ್ದವಳು ಈಗ ಕಾಗದ ಬರೆಯುತ್ತಿದ್ದಾಳಲ್ಲ ಅಂತ ಹುಬ್ಬು ಹಾರಿಸಬೇಡ. ಆಪರೇಷನ್ನಿಗೆ ಮುಂಚೆ ನಮ್ಮತ್ತೆ ಹುಲಿಯಮ್ಮನವರು ನನ್ನನ್ನು ತೊಗರ್ಸಿಗೆ ಎಳೆದುಕೊಂಡು ಹೋಗಿ ಮಲ್ಲಿಕಾರ್ಜುನನ ಮುಂದೆ ಆಣೆ ಮಾಡಿಸಿದ್ದು ನಿನಗೆ ಗೊತ್ತೇ ಇದೆ. ಕಿಡ್ನಿ ಕೊಟ್ಟ ಮೇಲೆ ತಮ್ಮನ ಮನೆ ಹೊಸಿಲು ತುಳಿಯುವುದಿಲ್ಲ, ಅವನ ಹತ್ತಿರ ಬಾಯಿಬಿಟ್ಟು ಮಾತಾಡುವುದಿಲ್ಲ ಅಂತ. "ಇವತ್ತು ಕಿಡ್ನಿ ಕೇಳ್ದ, ನಾಳೆ ಲಿವರ್ ಕೇಳ್ತಾನೆ. ನೀನು ಇಲ್ಲ ಅನ್ನೋಳಲ್ಲ ಮಾರಾಯ್ತಿ" ಅಂದಿದ್ದರು.

ಮೊನ್ನೆ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುವಾಗ ಹೊಳೆಯಿತು. ಆಣೆಯಲ್ಲಿ ಬರೆಯುವ ಸುದ್ದಿಯೇ ಇಲ್ಲವಲ್ಲ! ನೇರ ಹೋಗಿ ಅತ್ತೆಯನ್ನೇ ಕೇಳಿದೆ. ಹುಲಿಯಮ್ಮನವರು ಎಲೆಗೆ ಸುಣ್ಣ ಹಚ್ಚುತ್ತಾ ಯೋಚನೆ ಮಾಡಿ, "ಕಾಗದಕ್ಕೆ ಬಾಯಿಲ್ಲ. ಬರ್ಕೋ. ಬಂದಿದ್ದನ್ನ ಮಾತ್ರ ನಂಗೆ ಓದಿ ಹೇಳ್ಬೇಕು" ಅಂದರು. ಹಾಗಾಗಿ ಬರೆಯುವಾಗ ನೋಡಿಕೊಂಡು ಬರಿ.

ನಿಮ್ಮ ಬಾವ ಶಿಕಾರಿಪುರಕ್ಕೆ ಬಂದು ಹೋದಾಗಲೆಲ್ಲ "ಚೆನ್ನಾಗಿದಾನೆ" ಅಂತ ಒಂದೇ ಮಾತು ಹೇಳುತ್ತಾರೆ. ಅವರ ಕೈಲಿ ಕಳಿಸುವ ಹುರಿಟ್ಟು ತಿನ್ನುತ್ತಿದ್ದೀಯ ತಾನೆ? ಮಾರುವುದಕ್ಕೆ ಮಾಡಿದ್ದರಲ್ಲಿ ತೆಗೆದದ್ದಲ್ಲ, ನಿನಗೆ ಅಂತಲೇ ಬೇರೆ ಹುರಿದು ಹಿಟ್ಟು ಮಾಡಿಡುತ್ತೇನೆ.

ಯಶೋಧರಾ


ಶಿಕಾರಿಪುರ
೨ ಜುಲೈ ೨೦೨೩

ಅಕ್ಕನಿಗೆ ನಮಸ್ಕಾರಗಳು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಾವಿಬ್ಬರು ಅಂದರೆ ನಾನು ಮತ್ತು ನಿನ್ನ ಕಿಡ್ನಿ. ಕಟ್ಟಿಕೊಂಡ ಹೆಂಡತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಂತ ಗಂಗಾಂಬಿಕೆ ಮೂತಿ ತಿರುವಿದ್ದಾಳೆ.

ಹುರಿಟ್ಟು ದಿನಾ ಬೆಳಿಗ್ಗೆ ಮಜ್ಜಿಗೆಯಲ್ಲಿ ಕಲಸಿಕೊಂಡು ತಿಂದು ಸ್ಕೂಲಿಗೆ ಹೋಗುತ್ತೇನೆ. ಮಾತ್ರೆ ಮಾತ್ರ ಜೀವನಪೂರ್ತಿ. ಹೊರಗಿನದು ಏನು ಒಳಗೆ ಬಂದರೂ ಹೊಡೆದು ಓಡಿಸುವುದು ಮೈಯ ಸ್ವಭಾವ. ನಿನ್ನ ಕಿಡ್ನಿಯನ್ನೂ ಹಾಗೆ ಹೊಡೆಯಬಾರದಲ್ಲ, ಅದಕ್ಕೆ ಮಾತ್ರೆ ಕೊಟ್ಟು ಮೈಯನ್ನೇ ಮಂಪರಿನಲ್ಲಿಟ್ಟಿದ್ದಾರೆ. ಮಂಗಳೂರಿನ ಡಾಕ್ಟರು ಹೇಳಿದ್ದು ಇಷ್ಟೇ: "ನಿಮ್ಮ ಮೈಗೆ ಈಗ ತನ್ನವರು ಯಾರು, ಬೇರೆಯವರು ಯಾರು ಅಂತ ಗೊತ್ತಾಗೋದಿಲ್ಲ. ಹುಷಾರಾಗಿರಿ."

ಒಂದು ವಿಚಿತ್ರ ಬರೆಯುತ್ತೇನೆ, ನಗಬೇಡ. ಇತ್ತೀಚೆಗೆ ಊಟ ಮಾಡಿ ಕೈ ತೊಳೆದ ಮೇಲೂ ಪಂಕ್ತಿ ಎದ್ದಿಲ್ಲ ಅನ್ನಿಸುತ್ತದೆ. ನಾನು ಎದ್ದಿದ್ದೇನೆ, ಇನ್ನೊಬ್ಬರು ಯಾರೋ ತಟ್ಟೆಯ ಮುಂದೆ ಕೂತೇ ಇದ್ದಾರೆ. ಹೊಟ್ಟೆ ತುಂಬಿರುತ್ತದೆ, ಹಸಿವು ಹೋಗಿರುವುದಿಲ್ಲ. ಮೊನ್ನೆ ಹಾಡುಹಗಲಲ್ಲಿ, ಎಂಟನೇ ತರಗತಿಗೆ ಪಾಠ ಮಾಡುತ್ತಾ ನಿಂತಿದ್ದಾಗ, ನಿನಗೆ ಇಷ್ಟವಾದ ಹುಣಸೆ ಚಿಗಳಿ ತಿನ್ನಬೇಕು ಅಂತ ಬಾಯಲ್ಲಿ ನೀರೂರಿತು. ನನಗೆ ಹುಳಿ ಸೇರುವುದಿಲ್ಲ ಅಂತ ನಿನಗೇ ಗೊತ್ತು.

ಗುರುಪ್ರಕಾಶ್


ಸೊರಬ
೯ ಜುಲೈ ೨೦೨೩

ಗುರುವಿಗೆ ಆಶೀರ್ವಾದಗಳು.

ನಗುವುದಾ? ನಾನು ಓದಿ ಅತ್ತುಬಿಟ್ಟೆ ಕಣೋ. ಹುಲಿಯಮ್ಮ "ಎಂಥಕ್ಕೆ ಅಳ್ತೀಯೆ" ಅಂತ ಕೇಳಿದ್ದಕ್ಕೆ ಮೆಣಸಿನಕಾಯಿ ಘಾಟು ಅಂದೆ.

ಆ ಕೂತವಳು ನಾನೇ. ಇನ್ಯಾರು ಇರುತ್ತಾರೆ ಹೇಳು? ನಿನ್ನ ಮನೆ ಹೊಸಿಲು ತುಳಿಯಬಾರದು ಅಂತ ಆಣೆ ಮಾಡಿಸಿದರು, ನೋಡಿದರೆ ನಾನು ಆಗಲೇ ಒಳಗೆ ಹೋಗಿ ಪಂಕ್ತಿಯಲ್ಲಿ ಕೂತಾಗಿದೆ! ಗಂಗಾಂಬಿಕೆಗೆ ಹೇಳು, ಎರಡನೇ ಸಲ ಬಡಿಸುವಾಗ ಮುಖ ಗಂಟು ಹಾಕಬಾರದು, ಅದು ಗಂಡನ ಅಕ್ಕನ ಪಾಲು. ಚಿಗಳಿ ಕುಟ್ಟಿ ಕಳಿಸಿದ್ದೇನೆ. ಬೆಲ್ಲ ಜಾಸ್ತಿ ಹಾಕಿದೆ, ನನಗೆ ಹಾಗೇ ಇಷ್ಟ.

ನಿನ್ನ ಕಾಗದದಲ್ಲಿ ನಾವು, ನಾವು ಅಂತ ಇದೆಯಲ್ಲ, ಅತ್ತೆಗೆ ಓದಿ ಹೇಳಿದಾಗ "ಅದೇನು ಮಠದ ಸ್ವಾಮಿಗಳ ಥರ ಮಾತಾಡ್ತಾನೆ ನಿನ್ನ ತಮ್ಮ" ಅಂದರು. ಪಾದಪೂಜೆಗೆ ಯಾವಾಗ ಬರೋಣ ಅಂತ ಕೇಳುತ್ತಿದ್ದಾರೆ.

ಯಶೋಧರಾ


ಶಿಕಾರಿಪುರ
೨೦ ಆಗಸ್ಟ್ ೨೦೨೩

ಅಕ್ಕನಿಗೆ ನಮಸ್ಕಾರಗಳು.

ಇದನ್ನು ನಿಮ್ಮತ್ತೆಗೆ ಓದಬೇಡ. ಗಂಗಾಂಬಿಕೆಗೂ ಹೇಳಿಲ್ಲ.

ಎರಡೆರಡು ಸಲ ಉಂಡರೂ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ. ಹೊಟ್ಟೆ ಕೆಟ್ಟು ಇಲ್ಲಿಯ ಲ್ಯಾಬಿನಲ್ಲಿ ಮಲ ಪರೀಕ್ಷೆ ಮಾಡಿಸಿದೆ. ಲಾಡಿಹುಳುವಿನ ಮೊಟ್ಟೆ ಸಿಕ್ಕಿವೆಯಂತೆ. ಲ್ಯಾಬಿನವನು ದನಿ ತಗ್ಗಿಸಿ, "ಸಾರ್, ಹೊರಗಡೆ ಏನಾರ ಮಾಂಸ-ಗೀಂಸ ತಿಂದ್ರೇನ್ರೀ?" ಅಂದವನು ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿ ಮಾತು ನುಂಗಿದ. ಅವನ ಮಗ ನನ್ನ ಕ್ಲಾಸಿನಲ್ಲೇ ಓದುತ್ತಾನೆ.

ವರ್ಷಾ ವರ್ಷಾ ಮಕ್ಕಳಿಗೆ ನಾನೇ ಬರೆಸುತ್ತೇನಲ್ಲ ಅಕ್ಕ: ಲಾಡಿಹುಳು, ಸರಿಯಾಗಿ ಬೇಯಿಸದ ಹಂದಿಮಾಂಸದಿಂದ ಬರುತ್ತದೆ. ನೋಡಲು ಹೇಗಿರುತ್ತದೆ ಸಾರ್ ಅಂದರೆ ಲಂಗದ ಲಾಡಿ ಥರ ಅನ್ನುತ್ತೇನೆ, ಕ್ಲಾಸೆಲ್ಲ ನಗುತ್ತದೆ. ಮೊಟ್ಟೆಯನ್ನೂ ಮುಟ್ಟದ ಮನೆ ನಮ್ಮದು. ಈ ಸುದ್ದಿ ಸ್ಟಾಫ್ ರೂಮಿಗೆ ಹೋದರೆ ನಾನು ಯಾವ ಮುಖ ಹೊತ್ತು ಪಾಠ ಮಾಡಲಿ? ಆ ಚೀಟಿ ಅಲ್ಲೇ ಹರಿದು ಹಾಕಿದೆ.

ಸ್ಕೂಲಿನಲ್ಲಿ ಮಕ್ಕಳಿಗೆ ಜಂತುಹುಳುವಿನ ಮಾತ್ರೆ ಕೊಟ್ಟಿದ್ದು ಉಳಿದಿತ್ತು. ಒಂದು ಅಗಿದು ನುಂಗಿದ್ದೇನೆ. ಮಂಗಳೂರಿನವರಿಗೆ ಹೇಳಲಿಲ್ಲ. ಅವರಿಗೆ ಹೇಳಿದರೆ ಗಂಗಾಂಬಿಕೆ ಪಕ್ಕದಲ್ಲೇ ಕೂತಿರುತ್ತಾಳೆ.

ಗುರುಪ್ರಕಾಶ್


ಸೊರಬ
೨೯ ಆಗಸ್ಟ್ ೨೦೨೩

ಗುರುವಿಗೆ ಆಶೀರ್ವಾದಗಳು.

ಕಾಗದ ಬಂದಾಗ ಅತ್ತೆ ಎದುರಿಗೇ ಇದ್ದರು. ಓದದೆ ವಿಧಿಯಿಲ್ಲ. ಹುಳ ಅಂತ ಬಂದ ಕಡೆಯೆಲ್ಲ ಹುಳಿತೇಗು ಅಂತ ಓದಿದೆ. "ಹುಳಿತೇಗಿಗೆ ಅಷ್ಟೆಲ್ಲ ಯಾಕೆ ಹೆದರ್ತಾನೆ, ಜೀರಿಗೆ ಕಷಾಯ ಕುಡೀಲಿ" ಅಂದರು. ಹೇಳಿದ್ದೇನೆ, ಕುಡಿ.

ನೀನು ಮಾಡಿದ್ದೇ ಸರಿ. ಯಾರಿಗೂ ಬಾಯಿ ಬಿಡಬೇಡ. ನಿಜ ಗೊತ್ತಾದರೆ ಹುಲಿಯಮ್ಮ ಇಡೀ ಬೀದಿಗೆ ಸಾರುತ್ತಾರೆ, ನನ್ನ ಸೊಸೆ ಕಿಡ್ನಿ ಕೊಟ್ಟದ್ದು ಹಂದಿ ತಿನ್ನುವವನಿಗೆ ಅಂತ. ನನ್ನ ಚಟ್ನಿಪುಡಿ ಯಾರು ಕೊಳ್ಳುತ್ತಾರೆ? ಒಂದು ಮಾತ್ರೆ ಸಾಲದು ಅನ್ನಿಸಿದರೆ ಇನ್ನೊಂದು ತಿನ್ನು. ಮಕ್ಕಳಿಗೇ ಕೊಡುತ್ತಾರೆ ಅಂದಮೇಲೆ ಅದರಲ್ಲಿ ಭಯವೇನಿದೆ?

ಹಸಿವು ಹೇಗಿದೆ? ನಿಜ ಹೇಳುತ್ತೇನೆ ಗುರು, ಮಧ್ಯಾಹ್ನ ಒಬ್ಬಳೇ ಉಣ್ಣುವಾಗ, ಈಗ ಶಿಕಾರಿಪುರದಲ್ಲೂ ಉಣ್ಣುತ್ತಿದ್ದೇನೆ ಅನ್ನಿಸಿ ಸಂತೋಷವಾಗುತ್ತದೆ.

ಯಶೋಧರಾ


ಶಿಕಾರಿಪುರ
೩ ಡಿಸೆಂಬರ್ ೨೦೨೩

ಅಕ್ಕನಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸು. ಸ್ಕೂಲಿಗೆ ರಜೆ ಹಾಕಿದ್ದೇನೆ. ಸ್ವಲ್ಪ ಕೆಮ್ಮು.

ನೀನು ಹೇಗಿದ್ದೀಯ? ನಿನಗೆ ಕೆಮ್ಮು ಇದೆಯಾ? ತೂಕ ಇಳಿದಿದೆಯಾ? ಕೊರಳಲ್ಲಿ, ಕಂಕುಳಲ್ಲಿ ಗಂಟು ಏನಾದರೂ ಕೈಗೆ ಸಿಗುತ್ತದಾ? ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಎಷ್ಟು ಕಾಲವಾಯಿತು? ಸುಮ್ಮನೆ ಕೇಳಿದೆ. ಕೊಟ್ಟವರೂ ಆಗಾಗ ತೋರಿಸಿಕೊಳ್ಳಬೇಕಂತೆ. ಶಿವಮೊಗ್ಗಕ್ಕೆ ಹೋಗಿ ಒಮ್ಮೆ ಮಾಡಿಸಿಬಿಡು. ಬೇಗ.

ಹುರಿಟ್ಟು ಸದ್ಯ ಕಳಿಸಬೇಡ.

ಗುರುಪ್ರಕಾಶ್


ಸೊರಬ
೯ ಡಿಸೆಂಬರ್ ೨೦೨೩

ಗುರುವಿಗೆ,

ಮೂರು ತಿಂಗಳಾದ ಮೇಲೆ ಬಂದ ಕಾಗದದಲ್ಲಿ ಒಂದು ಪ್ರೀತಿಯ ಮಾತಿಲ್ಲ. ದನ ಕೊಳ್ಳುವವರು ಹಲ್ಲು ಹಿಡಿದು ನೋಡುವ ಹಾಗೆ ಕೇಳಿದ್ದೀಯ. ಅತ್ತೆಗೆ ಹೇಗೆ ತಿರುಚಿ ಓದುವುದು ಅಂತ ತಿಳಿಯದೆ ಇದ್ದದ್ದು ಇದ್ದ ಹಾಗೇ ಓದಿದೆ. "ನೋಡ್ದೆಯೇನೆ? ಎರಡನೇದಕ್ಕೆ ಅಳತೆ ತಗೊಳ್ತಿದಾನೆ" ಅಂದರು. ನಾನು ಅವರ ಮೇಲೆ ರೇಗಿದೆ. ಆದರೆ ನೀನೇ ಹೇಳು, ಇನ್ನು ಹೇಗೆ ಅರ್ಥ ಮಾಡಿಕೊಳ್ಳಲಿ?

ನನ್ನ ಕಿಡ್ನಿ ಕೆಟ್ಟಿದೆಯಾ? ಕೆಟ್ಟಿದ್ದರೆ ನೇರ ಹೇಳು. ಹುರಿಟ್ಟು ಬೇಡ ಅಂದೆಯಲ್ಲ, ಅದು ನನಗೆ ಬಹಳ ನೋವಾಯಿತು.

ಯಶೋಧರಾ


ಸೊರಬ
೧೯ ಡಿಸೆಂಬರ್ ೨೦೨೩

ಗುರು,

ಉತ್ತರ ಬರಲಿಲ್ಲ ಅಂತ ನಾನೇ ಬಂದೆನಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ, ನಿಮ್ಮ ಬೀದಿಯಲ್ಲಿ, ಮನೆಯ ಎದುರಿನ ರಸ್ತೆಯಲ್ಲಿ ನಿಂತೆ. ಹೊಸಿಲು ತುಳಿಯಲಿಲ್ಲ. ಗಂಗಾಂಬಿಕೆ "ಅಕ್ಕಾರ, ಒಳಗ ಬರ್ರಿ, ಬಿಸಿಲಾಗ ನಿಂದರಬ್ಯಾಡ್ರಿ" ಅಂತ ಕೈ ಮುಗಿದು ಕರೆದಳು.

ಆಮೇಲೆ ನೀನು ಬಂದೆ. ಬಿಸಿಲಲ್ಲಿ ಮಫ್ಲರ್ ಸುತ್ತಿಕೊಂಡಿದ್ದೆ. ಅದರ ಕೆಳಗೆ ಏನೋ ಉಬ್ಬಿತ್ತು. ನಾನು ಅಳುತ್ತಾ ನಿಂತಿದ್ದೇನೆ, ನೀನು ನನ್ನ ಮುಖ ನೋಡಲಿಲ್ಲ. ನನ್ನ ಎಡ ಪಕ್ಕೆಯನ್ನೇ ನೋಡುತ್ತಿದ್ದೆ, ಕಿಡ್ನಿ ತೆಗೆದ ಜಾಗವನ್ನು. ಅಲ್ಲಿಂದ ಏನೋ ಹೊರಗೆ ಬರುತ್ತದೆ ಅನ್ನುವ ಹಾಗೆ. ನನಗೇ ಹೆದರಿಕೆಯಾಗಿ ಸೆರಗು ಎಳೆದುಕೊಂಡೆ.

ಆಣೆ ನನ್ನದು, ನಿನ್ನದಲ್ಲ. ನೀನು ಮಾತಾಡಬಹುದಿತ್ತು. ಯಾಕೆ ಮಾತಾಡಲಿಲ್ಲ?

ಯಶೋಧರಾ


ಶಿಕಾರಿಪುರ
೨೩ ಡಿಸೆಂಬರ್ ೨೦೨೩

ಅಕ್ಕ,

ಬಾಯಿ ತೆರೆದಿದ್ದರೆ ಎಲ್ಲ ಹೇಳಿಬಿಡುತ್ತಿದ್ದೆ, ಅದಕ್ಕೆ ಮಾತಾಡಲಿಲ್ಲ. ಈಗ ಬರೆಯುತ್ತೇನೆ. ಕೂತುಕೊಂಡು ಓದು.

ನನ್ನ ಕೊರಳಲ್ಲಿ, ಶ್ವಾಸಕೋಶದಲ್ಲಿ, ಲಿವರಿನಲ್ಲಿ ಗಂಟುಗಳಿವೆ. ಮಂಗಳೂರಿನಲ್ಲಿ ಕೊರಳಿನ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಕ್ಯಾನ್ಸರಿನ ಹಾಗೆ ಬೆಳೆಯುತ್ತಿದೆ. ಆದರೆ ಡಾಕ್ಟರು ನನ್ನನ್ನು ಒಬ್ಬನೇ ಕರೆದು ಕೂರಿಸಿಕೊಂಡು, "ಗುರುಪ್ರಕಾಶ್ ಅವರೇ, ಈ ಜೀವಕೋಶಗಳು ನಿಮ್ಮವಲ್ಲ" ಅಂದರು.

ನನ್ನೊಳಗೆ ನನ್ನದಲ್ಲದ್ದು ಇರುವುದು ಒಂದೇ, ನಿನ್ನ ಕಿಡ್ನಿ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಏನೋ ಇದ್ದು, ನನ್ನ ಮೈ ಮಂಪರಿನಲ್ಲಿರುವುದರಿಂದ ಬೆಳೆದಿರಬಹುದು ಅಂತ ಅವರ ಅನುಮಾನ. ಹಾಗಿದ್ದರೆ ಅದು ನಿನ್ನೊಳಗೂ ಇರಬೇಕು.

ಹೇಳಿದರೆ ನೀನು ಬದುಕಿರುವಷ್ಟು ಕಾಲ ಕೊರಗುತ್ತೀಯ. ಹೇಳದಿದ್ದರೆ ನಿನ್ನ ಜೀವಕ್ಕೇ ಅಪಾಯ. ಒಂದು ತಿಂಗಳು ಇದೇ ಯೋಚನೆಯಲ್ಲಿ ಕಳೆದೆ. ದಯವಿಟ್ಟು ಸ್ಕ್ಯಾನ್ ಮಾಡಿಸು.

ಊಟದ ಹೊತ್ತಿಗೆ ಯಾರೋ ಪಕ್ಕದಲ್ಲಿ ಕೂತಿರುವುದು ಈಗಲೂ ಇದೆ. ಈಗ ಅವರಿಗೆ ಬೆನ್ನು ಹಾಕಿ ಉಣ್ಣುತ್ತೇನೆ.

ಗುರುಪ್ರಕಾಶ್


ಸೊರಬ
೭ ಜನವರಿ ೨೦೨೪

ಗುರು,

ನನಗೆ ಏನೂ ಇಲ್ಲ. ಶಿವಮೊಗ್ಗದಲ್ಲಿ ತಲೆಯಿಂದ ಕಾಲಿನವರೆಗೆ ನೋಡಿದರು. ನೀನು ಹೇಳಿ ಕಳಿಸಿದ ಹಾಗೆ ಮಂಗಳೂರಿಗೆ ಹೋಗಿ ರಕ್ತವನ್ನೂ ಕೊಟ್ಟು ಬಂದೆ. ಎರಡೂ ಕಡೆ ಅತ್ತೆ ಜೊತೆಗೆ ಬಂದರು. "ನನ್ನ ಸೊಸೆ ಒಳಗೆ ಎಂಥದೂ ಇಲ್ಲ ಅಂತ ಬರ್ದು ಸೀಲ್ ಹಾಕಿ ಕೊಡಿ" ಅಂತ ಡಾಕ್ಟರಿಗೆ ಗಂಟು ಬಿದ್ದರು. ಬಸ್ಸಿನಲ್ಲಿ ನನ್ನ ಕೈ ಬಿಡಲೇ ಇಲ್ಲ.

ನನ್ನೊಳಗೆ ಇಲ್ಲದ್ದು ನನ್ನ ಕಿಡ್ನಿಯಲ್ಲಿ ಹೇಗೆ ಬಂತು? ಇಲ್ಲಿಂದ ಪೂರ್ತಿ ಹೊರಟು ನಿನ್ನ ಹತ್ತಿರ ಬಂದುಬಿಟ್ಟಿತೇ? ಪಂಕ್ತಿಯಲ್ಲಿ ಕೂತವಳು ನಾನೇ ಅಂತ ಕುಣಿದಾಡಿದ್ದೆ. ಎರಡನೇ ಸಲ ಬಡಿಸು ಅಂತ ಹೇಳಿ ಕಳಿಸಿದ್ದೆ. ನಿನ್ನನ್ನು ಉಳಿಸಿದ್ದೇನೆ ಅಂತ ಒಳಗೊಳಗೇ ಬೀಗುತ್ತಿದ್ದೆ ಗುರು. ಕೂತು ನಿನ್ನನ್ನೇ ತಿನ್ನುತ್ತಿದ್ದೆನಾ?

ನನಗೆ ಊಟ ಸೇರುತ್ತಿಲ್ಲ. ಬೇಗ ಬರಿ.

ಯಶೋಧರಾ


ಶಿಕಾರಿಪುರ
೧ ಫೆಬ್ರವರಿ ೨೦೨೪

ಅಕ್ಕನಿಗೆ ನಮಸ್ಕಾರಗಳು.

ಅದು ನೀನಲ್ಲ. ಮೊದಲು ಇದನ್ನು ಓದಿ ಒಂದು ಲೋಟ ನೀರು ಕುಡಿ.

ನಿನ್ನ ರಕ್ತಕ್ಕೂ ಗಂಟಿಗೂ ತಾಳೆ ನೋಡಿದರು. ನಿನ್ನದಲ್ಲ, ನನ್ನದೂ ಅಲ್ಲ. "ಮತ್ತೆ ಯಾರದ್ದು ಸಾರ್?" ಅಂದೆ. ಡಾಕ್ಟರು ಕನ್ನಡಕ ತೆಗೆದಿಟ್ಟು, "ಮನುಷ್ಯರದ್ದೇ ಅಲ್ಲ" ಅಂದರು. ಲಾಡಿಹುಳುವಿನದ್ದು.

ನಾನು ಪಾಠ ಮಾಡಿದ ಉದ್ದನೆಯ ಹುಳ ಅಲ್ಲವಂತೆ. ಅದರಲ್ಲೇ ತೀರ ಸಣ್ಣ ಜಾತಿಯೊಂದಿದೆ. ಅದಕ್ಕೆ ಹಂದಿಯೂ ಬೇಡ, ಮಾಂಸವೂ ಬೇಡ. ಗಟ್ಟಿ ಮೈಯವರಲ್ಲಿ ಸ್ವಲ್ಪ ದಿನ ಇದ್ದು ಹೋಗುತ್ತದೆ. ನನ್ನಂಥವರಲ್ಲಿ ಕರುಳಿನಲ್ಲೇ ಮೊಟ್ಟೆಯೊಡೆದು ಮರಿಯಾಗಿ ಮತ್ತೆ ಮೊಟ್ಟೆಯಿಟ್ಟು, ಕೇಳುವವರಿಲ್ಲದೆ ಹೆಚ್ಚುತ್ತದೆ. ಅಷ್ಟಕ್ಕೇ ನಿಲ್ಲದೆ ಅದರ ಜೀವಕೋಶಗಳು ಕರುಳಿನ ಗೋಡೆ ದಾಟಿ ಬಂದಿವೆ. ಹೀಗಾಗುವುದು ಬಹಳ ಬಹಳ ಅಪರೂಪವಂತೆ. ಗಂಟಿನಲ್ಲಿರುವುದು ಈಗ ಹುಳವೂ ಅಲ್ಲ ಅಕ್ಕ. ತಲೆಯಿಲ್ಲ, ಬಾಲವಿಲ್ಲ. ಹುಳವಾಗುವುದನ್ನೇ ಮರೆತು ಸುಮ್ಮನೆ ಬೆಳೆಯುತ್ತಿದೆ.

ಹಿಂದೆ ಯಾವಾಗಲಾದರೂ ಹೊಟ್ಟೆಯಲ್ಲಿ ಹುಳ ಅಂತ ಯಾರಾದರೂ ಹೇಳಿದ್ದರಾ ಅಂತ ಕೇಳಿದರು. ಹೌದು ಅಂದೆ. ನುಂಗಿದ ಮಾತ್ರೆಯ ಹೆಸರೂ ಹೇಳಿದೆ. ಇದಕ್ಕೆ ಬೇರೆಯದೇ ಮಾತ್ರೆ ಇತ್ತು, ಆಗಲೇ ಬಂದಿದ್ದರೆ ಸಾಕಿತ್ತು ಅಂದರು. ಗಂಗಾಂಬಿಕೆ ಪಕ್ಕದಲ್ಲೇ ಇದ್ದಳು, ಎದ್ದು ಹೊರಗೆ ಹೋದಳು. ಎಲ್ಲಿಂದ ಬಂತು ಅನ್ನುವುದನ್ನು ಹೇಳಲಾಗುವುದಿಲ್ಲವಂತೆ. ಹುಳ ಬಿದ್ದ ಯಾವ ಹಿಟ್ಟೋ, ಯಾವ ನೀರೋ, ಯಾರ ಕೈಯೋ. ನೀವೆಲ್ಲರೂ ಒಮ್ಮೆ ಮಲ ಪರೀಕ್ಷೆ ಮಾಡಿಸಿಕೊಳ್ಳಿ.

ಇನ್ನು ಕೇಳಬೇಕಾದ್ದು. ಕರುಳಿನ ಹುಳಕ್ಕೆ ಔಷಧ ಕೊಟ್ಟಿದ್ದಾರೆ. ಗಂಟುಗಳಿಗೆ ಇಂಥದ್ದೇ ಔಷಧ ಅಂತ ಇಲ್ಲ. ಮೈಯನ್ನು ಮಂಪರಿನಲ್ಲಿಟ್ಟಿರುವ ಮಾತ್ರೆ ನಿಲ್ಲಿಸಿದರೆ, ಮೈ ಎಚ್ಚರಾಗಿ ತಾನೇ ಹೊಡೆದಾಡಬಹುದು. ಆದರೆ ಎಚ್ಚರಾದ ಮೈ ನಿನ್ನ ಕಿಡ್ನಿಯನ್ನು ಬಿಡುವುದಿಲ್ಲ. ಮತ್ತೆ ಡಯಾಲಿಸಿಸ್ಸು. ನಾಳೆಯೇ ನಿಲ್ಲಿಸೋಣ ಅಂದರು. ಅಕ್ಕನನ್ನು ಕೇಳದೆ ಆಗುವುದಿಲ್ಲ ಅಂದೆ. "ಮೇಷ್ಟ್ರೇ, ಅದು ಈಗ ನಿಮ್ಮದು" ಅಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಅತ್ತೆಯನ್ನು ಎದುರು ಹಾಕಿಕೊಂಡು, ತವರು ಕಳೆದುಕೊಂಡು ಕೊಟ್ಟದ್ದು. ಅದನ್ನು ನಾನೇ ಕೈಯಾರೆ ಹೇಗೆ ಕೊಲ್ಲಲಿ?

ಗುರುಪ್ರಕಾಶ್


ಸೊರಬ
೪ ಫೆಬ್ರವರಿ ೨೦೨೪

ಗುರುವಿಗೆ ಅಕ್ಕನ ಆಶೀರ್ವಾದಗಳು.

ಈ ಕಾಗದ ನಿಮ್ಮ ಬಾವನ ಕೈಲಿ ಕಳಿಸುತ್ತಿದ್ದೇನೆ, ಪೋಸ್ಟಿಗೆ ಕಾಯುವ ಹೊತ್ತಲ್ಲ ಇದು.

ಹಿಟ್ಟು ಅಂತ ಮೊದಲು ಬರೆದು ಆಮೇಲೆ ನೀರು, ಕೈ ಎಲ್ಲ ಸೇರಿಸಿದ್ದೀಯ. ನಿನ್ನ ಜಾಣತನ ನನಗೆ ಗೊತ್ತಿಲ್ಲವಾ? ಹುರಿಟ್ಟಿನ ಡಬ್ಬದಲ್ಲಿ ಮಿಕ್ಕಿದ್ದನ್ನು ಜರಡಿ ಹಿಡಿದು ನೋಡಿದೆ. ಸಣ್ಣ ಕೆಂಪು ಹುಳಗಳು ಓಡಾಡುತ್ತಿದ್ದವು. ಮುಂಚೆಯೂ ಬೀಳುತ್ತಿದ್ದವು, ಮಳೆಗಾಲದಲ್ಲಿ ಯಾರ ಮನೆಯಲ್ಲಿ ಬೀಳುವುದಿಲ್ಲ? ಜರಡಿ ಹಿಡಿದು ನಿನಗೆ ತುಂಬಿ ಕಳಿಸುತ್ತಿದ್ದೆ. ಅದರಿಂದಲೇ ಅಂತ ಹೇಳುವವರೂ ಇಲ್ಲ, ಅಲ್ಲ ಅನ್ನುವವರೂ ಇಲ್ಲ. ಇದನ್ನು ನಾನು ಹೊತ್ತುಕೊಂಡಿರುತ್ತೇನೆ, ನೀನು ಸಮಾಧಾನ ಮಾಡಲು ಬರಬೇಡ. ಯಾರಿಗೂ ಹೇಳಬೇಡ, ಇನ್ನೊಂದು ಮಾತ್ರೆ ತಿನ್ನು ಅಂತ ಬರೆದವಳೂ ನಾನೇ. ಈ ಸಲ ನಿನ್ನ ಕಾಗದವನ್ನು ಅತ್ತೆಗೆ ಒಂದಕ್ಷರ ತಿರುಚದೆ ಓದಿದೆ. ಬೈಯಲಿಲ್ಲ. ಎದ್ದು ಹೋಗಿ ದೇವರ ಮುಂದೆ ಕೂತರು.

ನಿನ್ನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದದ್ದು ನಾನಲ್ಲ. ಅದನ್ನು ನಾನು ಅಂದುಕೊಂಡು ಚಿಗಳಿ ಕುಟ್ಟಿ ಕಳಿಸಿದೆನಲ್ಲ!

ಕಿಡ್ನಿಯ ವಿಷಯ. ನೀನು ಇರಲಿ ಅಂತ ಕೊಟ್ಟೆ. ಕಿಡ್ನಿ ಇರಲಿ ಅಂತ ಕೊಡಲಿಲ್ಲ. ಈ ಕಾಗದ ಕೈಗೆ ಬಂದ ದಿನವೇ ಮಾತ್ರೆ ನಿಲ್ಲಿಸಲು ಹೇಳು. ಒಂದೇ ಒಂದು ಮಾತು. ಅದು ಸಾಯುವಾಗ ನಿನಗೆ ನೋವು ಕೊಟ್ಟೀತು. ಬೈದುಕೊಳ್ಳಬೇಡ. ಅದಕ್ಕೆ ಏನಾಗುತ್ತಿದೆ ಅಂತ ಗೊತ್ತಿಲ್ಲ.

ನಿನ್ನ ಅಕ್ಕ
ಯಶೋಧರಾ


ಶಿಕಾರಿಪುರ
೨೮ ಏಪ್ರಿಲ್ ೨೦೨೪

ಅಕ್ಕನಿಗೆ ನಮಸ್ಕಾರಗಳು.

ನಿನ್ನೆ ಮಂಗಳೂರಿನಿಂದ ಮನೆಗೆ ಬಂದೆ. ಬದುಕಿದ್ದೇನೆ. ಕೊರಳಿನ ಗಂಟು ಕೈಗೆ ಸಿಗುವುದಿಲ್ಲ. ಒಳಗಿನವು ಕುಗ್ಗುತ್ತಿವೆ. ಡಾಕ್ಟರು ಇನ್ನೂ ನಗುವುದಿಲ್ಲ, ಆದರೆ ವಾರ್ಡಿಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಡಯಾಲಿಸಿಸ್ ಇಲ್ಲಿಯೇ ಮಾಡಿಸಿಕೊಳ್ಳಬಹುದು. ಊಟ ಕಡಿಮೆ. ತಟ್ಟೆಯ ಮುಂದೆ ಯಾರೂ ಕೂರುವುದಿಲ್ಲ.

ನಿನ್ನ ಕಿಡ್ನಿ ಯುಗಾದಿಗೆ ಮುಂಚೆ ನಿಂತಿತು. ಅದನ್ನು ಇಟ್ಟ ಜಾಗ ಊದಿ, ಕೈಯಿಡಲಾರದಷ್ಟು ಬಿಸಿಯಾಗಿ, ಜ್ವರ ಏರಿತ್ತು. ನಾನು ಬೈಯಲಿಲ್ಲ. ಗಂಗಾಂಬಿಕೆ ಒದ್ದೆ ಬಟ್ಟೆ ಹಾಕುತ್ತಾ "ಅಕ್ಕಾರ, ಸ್ವಲ್ಪ ತಡೀರಿ, ಮುಗೀತು" ಅಂತ ಅದರ ಹತ್ತಿರ ಮಾತಾಡುತ್ತಿದ್ದಳು. ಹೊರಗೆ ತೆಗೆಯಲಿಲ್ಲ, ಸದ್ಯ ಅಲ್ಲೇ ಇರಲಿ ಅಂದಿದ್ದಾರೆ.

ಒಂದು ಸಂಗತಿ ನಿನಗೆ ಹೇಳಬಾರದು ಅಂತಿದ್ದೆ. ನಿನ್ನಿಂದ ಮುಚ್ಚಿಟ್ಟು ಸಾಕಾಗಿದೆ, ಬರೆಯುತ್ತೇನೆ. ನನ್ನ ಮೈ ಎಚ್ಚರಾದ ಮೇಲೆ ಗಂಟುಗಳನ್ನು ಮುಟ್ಟಲಿಲ್ಲ ಅಕ್ಕ. ಅವು ಇನ್ನೂ ಬೆಳೆಯುತ್ತಲೇ ಇದ್ದವು. ಮೈ ಮೊದಲು ನಿನ್ನ ಕಿಡ್ನಿಯ ಮೇಲೆ ಬಿತ್ತು. ನಿನ್ನದನ್ನು ಪೂರ್ತಿ ಮುಗಿಸಿ, ಆಮೇಲೆ ಅತ್ತ ತಿರುಗಿತು. ನನಗೆ ತಡೆಯಲಾಗದೆ ಡಾಕ್ಟರನ್ನು ಕೇಳಿದೆ, ಜೀವ ಕೊಟ್ಟದ್ದು ಅದು, ಜೀವ ತಿಂದದ್ದು ಇದು, ನನ್ನ ಮೈಗೆ ಅಷ್ಟೂ ತಿಳಿಯಲಿಲ್ಲವಾ ಅಂತ.

ಅವರು ಫೈಲ್ ಮುಚ್ಚಿಟ್ಟು, "ಆ ಹುಳಕ್ಕೆ ಮೈಯ ಕಣ್ಣು ತಪ್ಪಿಸಿ ಇರೋದು ಗೊತ್ತಿತ್ತು ಮೇಷ್ಟ್ರೇ. ನಿಮ್ಮ ಅಕ್ಕನ ಕಿಡ್ನಿಗೆ ಅಡಗಿಕೊಳ್ಳೋದು ಬರ್ತಿರಲಿಲ್ಲ" ಅಂದರು.

ನಿನ್ನ ತಮ್ಮ
ಗುರುಪ್ರಕಾಶ್